ಅಪ್ಪನ ಟ್ರ್ಯಾಕ್ಟರಿನ ಟಕಟಕ

"ಮೂರೇ ತಿಂಗಳು! ಮೂರು ತಿಂಗಳಲ್ಲಿ ಇದು ಎದ್ದು ಗುಡುಗದಿದ್ದರೆ ನನ್ನ ಹೆಸರು ಬದಲಾಯಿಸಿ!" ಎಂದು ಇನ್ಸ್‌ಪೆಕ್ಟರು ಹಿತ್ತಿಲ ಶೆಡ್ಡಿನ ಬಾಗಿಲಲ್ಲಿ ನಿಂತು ಘೋಷಿಸಿದರು.

"ಬದಲಾಯಿಸೋದು ಯಾಕ್ರೀ? ಇರೋ ಹೆಸರೇ ಅತ್ತೆಗೆ ನೆನಪಿಲ್ಲ," ಎಂದರು ಅವರ ಹೆಂಡತಿ.

ಮಾತು ಚುರುಕಾಗಿತ್ತು. ಅದಕ್ಕಿಂತ ಹೆಚ್ಚಾಗಿ ನಿಜವಾಗಿತ್ತು.

ಇನ್ಸ್‌ಪೆಕ್ಟರು ಎಂದ ಕೂಡಲೇ ಪೊಲೀಸು ಎಂದುಕೊಂಡು ಯಾರೂ ಎದ್ದು ನಿಲ್ಲಬೇಕಾಗಿಲ್ಲ. ಅವರು ತೂಕ ಮತ್ತು ಅಳತೆಯ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ದುಡಿದು ನಿವೃತ್ತರಾದವರು. ಅವರು ಪೇಟೆಗೆ ಕಾಲಿಟ್ಟರೆ ಅಂಗಡಿಗಳ ತೂಕದ ಬಟ್ಟುಗಳು ತಾವಾಗಿಯೇ ಬೆವರುತ್ತಿದ್ದವು. ತಕ್ಕಡಿಯ ಮೇಲೆ ನೊಣ ಕೂತರೆ ಅದರ ತೂಕ ಹೇಳುವುದಿರಲಿ, ಅದು ಊಟ ಮಾಡಿ ಬಂದಿದೆಯೋ ಹಸಿದು ಬಂದಿದೆಯೋ ಎಂಬುದನ್ನೂ ಹೇಳುತ್ತಿದ್ದರು. ಅಂಥವರ ತಾಯಿಯೇ ಈಗ ಅವರನ್ನು ಗುರುತಿಸುತ್ತಿರಲಿಲ್ಲ.

ತಾಯಿಗೆ ಎಂಬತ್ತಾರು. ಅರವತ್ತು ವರ್ಷದ ಹಿಂದೆ ಪಕ್ಕದ ಮನೆಯವರು ಸಾಕಿದ್ದ ನಾಯಿಗೆ ಯಾವ ಕಾಲು ಕುಂಟು ಎಂಬುದು ನೆನಪಿದೆ. ಸೊಸೆ ಗೊತ್ತು. ಹಾಲಿನವನು ಗೊತ್ತು. ಗಂಡ ತೀರಿಕೊಂಡು ಹದಿನೆಂಟು ವರ್ಷವಾಯಿತು ಎಂಬುದು ಮಾತ್ರ ಒಂದು ದಿನ ಗೊತ್ತಿರುತ್ತದೆ, ಒಂದು ದಿನ ಇಲ್ಲ. ಮಗನನ್ನಂತೂ ಆರು ತಿಂಗಳಿಂದ ಮಹಡಿ ಮೇಲಿನ ಕೋಣೆಯ ಬಾಡಿಗೆಯವರು ಎಂದೇ ತೀರ್ಮಾನಿಸಿಬಿಟ್ಟಿದ್ದರು. ಬಾಡಿಗೆಯವರೊಂದಿಗೆ ಹೇಗೆ ನಡೆದುಕೊಳ್ಳಬೇಕೋ ಅಷ್ಟು ಮರ್ಯಾದೆಯಿಂದ ನಡೆದುಕೊಳ್ಳುತ್ತಿದ್ದರು. "ಬನ್ನಿ, ಕೂತ್ಕೊಳ್ಳಿ, ಕಾಫಿ ಆಯ್ತೇ ನಿಮ್ಮದು?" ಎಂದು ಹೆತ್ತ ತಾಯಿ ಕೇಳಿದರೆ ಆ ಕಾಫಿ ಗಂಟಲಲ್ಲಿ ಇಳಿಯುವುದಾದರೂ ಹೇಗೆ?

ಒಂದು ದಿನವಂತೂ ಅವರನ್ನು ಪಕ್ಕಕ್ಕೆ ಕರೆದು ತಗ್ಗಿದ ದನಿಯಲ್ಲಿ ಹೇಳಿದರು: "ನೀವು ಒಳ್ಳೆಯವರೇ ಇದ್ದೀರಿ. ಆದರೆ ನಮ್ಮ ಸೊಸೆ ಜೊತೆ ಅಷ್ಟು ಸಲಿಗೆ ಬೇಡ. ನನ್ನ ಮಗ ಇನ್ನೇನು ಕೆಲಸ ಮುಗಿಸ್ಕೊಂಡು ಬರ್ತಾನೆ. ಅವನಿಗೆ ಕೋಪ ಜಾಸ್ತಿ."

"ಆಗಲಿ," ಎಂದರು ಇನ್ಸ್‌ಪೆಕ್ಟರು. ಮದುವೆಯಾಗಿ ಮೂವತ್ತಾರು ವರ್ಷವಾದ ಮೇಲೆ ಆ ಸಂಜೆ ಹೆಂಡತಿಯಿಂದ ನಾಲ್ಕು ಅಡಿ ದೂರದಲ್ಲಿ ಕೂತು ಊಟ ಮಾಡಿದರು!

ಹಳೆಯ ಸದ್ದು, ಹಳೆಯ ವಾಸನೆ ಇಂಥವರಿಗೆ ಒಮ್ಮೊಮ್ಮೆ ನೆನಪು ತರುವುದುಂಟು ಎಂದು ಡಾಕ್ಟರು ಹೇಳಿದ್ದೇ ಈ ಪ್ರತಿಜ್ಞೆಗೆ ಮೂಲ. ಶೆಡ್ಡಿನಲ್ಲಿ ಅಪ್ಪನ ಎರಡು ಸಿಲಿಂಡರಿನ ಹಳೇ ಟ್ರ್ಯಾಕ್ಟರು ಹದಿನೆಂಟು ವರ್ಷದಿಂದ ನಿಂತಲ್ಲೇ ನಿಂತಿತ್ತು. ನಲವತ್ತು ವರ್ಷ ಅಪ್ಪ ಪ್ರತಿ ಸಂಜೆ ಅದರ ಮೇಲೇ ಮನೆಗೆ ಬರುತ್ತಿದ್ದರು. ಅದು ಬೀದಿಯ ತಿರುವಿನಲ್ಲಿರುವಾಗಲೇ ಅಮ್ಮ ಒಲೆಯ ಮೇಲೆ ನೀರಿಡುತ್ತಿದ್ದರು. ಆ ಸದ್ದು ಇನ್ನೊಮ್ಮೆ ಕಿವಿಗೆ ಬಿದ್ದರೆ ಬಾಡಿಗೆಯವರು ಖಾಲಿ ಮಾಡಿ ಮಗ ಮನೆಗೆ ಬಂದಾನು, ಇದು ಇನ್ಸ್‌ಪೆಕ್ಟರ ಲೆಕ್ಕ.

ಟ್ರ್ಯಾಕ್ಟರಿನ ಸ್ಥಿತಿ ಗಂಭೀರವಾಗಿತ್ತು. ಸೈಲೆನ್ಸರಿನಲ್ಲಿ ಇಲಿಗಳ ನಲವತ್ತು ತಲೆಮಾರು ಹುಟ್ಟಿ, ಮದುವೆಯಾಗಿ, ಆಸ್ತಿ ಪಾಲು ಮಾಡಿಕೊಂಡಿದ್ದವು. ಪಿಸ್ಟನ್ನುಗಳು ಸಿಲಿಂಡರಿಗೆ ಅಂಟಿಕೊಂಡು, ಜಗಳವಾಡಿದ ದಾಯಾದಿಗಳ ಹಾಗೆ, ಜಪ್ಪಯ್ಯ ಎಂದರೂ ಅಲ್ಲಾಡಲಿಲ್ಲ. ಸೀಮೆಎಣ್ಣೆ ಸುರಿದು ಎಂಟು ದಿನ ನೆನೆಹಾಕಿದ ಮೇಲೆ ಒಂದು ಕೂದಲೆಳೆಯಷ್ಟು ಸರಿದವು. ಆ ಕೂದಲೆಳೆಯನ್ನು ಕಂಡು ಇನ್ಸ್‌ಪೆಕ್ಟರು ಕುಣಿದಾಡಿದ್ದಕ್ಕೆ ಸೊಂಟ ಹಿಡಿದು ಇನ್ನೆಂಟು ದಿನ ಮಲಗಿದರು.

ಜೊತೆಗಿದ್ದವರು ಮೇಸ್ತ್ರಿ. ಹಳೇ ಟ್ರ್ಯಾಕ್ಟರುಗಳ ಮಟ್ಟಿಗೆ ಸುತ್ತಮುತ್ತ ಅವರನ್ನು ಬಿಟ್ಟರಿಲ್ಲ. ಎಂಜಿನ್ನಿನ ಹೆಡ್ ಬಿಚ್ಚಿದರು, ಪಿಸ್ಟನ್ ಎಳೆದರು, ಒಂದು ಪಿನ್ನನ್ನು ಬೆರಳಲ್ಲಿ ಹಿಡಿದು ಬೆಳಕಿಗೆ ತೋರಿಸಿದರು.

"ನಿಮ್ಮಪ್ಪನ ಗಾಡಿ ಟಕಟಕ ಅಂತಿತ್ತಲ್ಲ, ನೆನಪಿದೆಯಾ? ಇದೇ ನೋಡಿ ಕಳ್ಳ. ಪಿಸ್ಟನ್ ಹಿಡ್ಕೊಳ್ಳೋ ಪಿನ್ನು. ನಡು ಸವೆದಿದೆ, ಅದು ಕೂರೋ ಬಳೆ, ಬುಷ್ಷು, ಅದೂ ಸವೆದಿದೆ. ಸಣಕಲ ಬೆರಳಿಗೆ ದೊಡ್ಡ ಉಂಗುರ ಹಾಕಿದ ಹಾಗೆ."

ಇನ್ಸ್‌ಪೆಕ್ಟರು ಅಳೆದರು. ಸವೆತ ಎಷ್ಟೆಂಬುದನ್ನು ಮಿಲಿಮೀಟರಿನ ನೂರನೇ ಭಾಗದವರೆಗೆ ನೋಟುಪುಸ್ತಕದಲ್ಲಿ ಬರೆದುಕೊಂಡು, ಕಳ್ಳ ಮಾಪನ್ನು ನೋಡುವ ದೃಷ್ಟಿಯಲ್ಲೇ ಅದನ್ನು ನೋಡಿ, "ಎರಡನ್ನೂ ಗುಜರಿಗೆ ಎಸೆಯಿರಿ!" ಎಂದು ತೀರ್ಪು ಕೊಟ್ಟರು.

ಹೊಸ ಪಿನ್ನು ಕೂರಿಸುವುದು ಸಾಮಾನ್ಯದ ಕೆಲಸವಲ್ಲ. ಪಿನ್ನನ್ನು ತಣ್ಣಗೆ ಮಾಡಿ ಕುಗ್ಗಿಸಬೇಕು, ಪಿಸ್ಟನ್ನನ್ನು ಕುದಿಯುವ ನೀರಲ್ಲಿಟ್ಟು ಹಿಗ್ಗಿಸಬೇಕು.

"ಫ್ರಿಜ್ಜಲ್ಲಿ ಬಟಾಣಿ ಪಕ್ಕ ಇದೇನ್ರೀ?" ಎಂದು ಕೂಗಿದರು ಹೆಂಡತಿ.

"ಪಿನ್ನು. ಮುಟ್ಟಬೇಡ, ತಣ್ಣಗಾಗಲಿ."

"ಒಲೆ ಮೇಲೆ?"

"ಪಿಸ್ಟನ್ನು. ಬೇಯ್ತಾ ಇದೆ."

"ಉಪ್ಪು ಹಾಕಲಾ?"

ಬಾಗಿಲಲ್ಲಿ ನಿಂತಿದ್ದ ತಾಯಿ ಸೊಸೆಯ ಕೈ ಹಿಡಿದು ಆಚೆಗೆಳೆದರು. "ಪಾಪ, ಒಂಟಿ ಮನುಷ್ಯ. ಏನೋ ಬೇಯಿಸ್ಕೊಂಡು ತಿಂತಾರೆ. ಬಿಡಮ್ಮ."

ಮೂರನೆಯ ತಿಂಗಳ ಕೊನೆಯ ಸಂಜೆ ಟ್ರ್ಯಾಕ್ಟರು ಎದ್ದಿತು! ಎಂಥ ಸದ್ದು! ರೇಷ್ಮೆ ಬಟ್ಟೆಯನ್ನು ಗಾಳಿಯಲ್ಲಿ ಬೀಸಿದ ಹಾಗೆ ಸುಂಯ್ ಎನ್ನುತ್ತಿತ್ತು. ಮೇಸ್ತ್ರಿ ಎಂಜಿನ್ನಿನ ಮೇಲೆ ನೀರು ತುಂಬಿದ ಲೋಟ ಇಟ್ಟರು. ನೀರು ಅಲುಗಲಿಲ್ಲ. ಇನ್ಸ್‌ಪೆಕ್ಟರು ಸೀಟೇರಿ ಬೀದಿಯ ಕೊನೆಗೆ ಹೋಗಿ, ತಿರುವಿನಿಂದ ಅಪ್ಪ ಬರುತ್ತಿದ್ದ ಹಾಗೆಯೇ ಬಂದರು. ಕಿಟಕಿಯ ಬಳಿ ಕುರ್ಚಿ ಹಾಕಿ ಅಮ್ಮನನ್ನು ಕೂರಿಸಲಾಗಿತ್ತು.

ಅಮ್ಮ ಹೊರಗೆ ನೋಡಿದರು, ಸೊಸೆಯತ್ತ ತಿರುಗಿದರು.

"ಯಾರದೋ ಗಾಡಿ ನಮ್ಮ ಅಂಗಳಕ್ಕೆ ಬಂದಿದೆ, ತೆಗೆಯೋಕೆ ಹೇಳಮ್ಮ. ನಮ್ಮವರು ಟ್ರ್ಯಾಕ್ಟರ್ ತರೋ ಹೊತ್ತಾಯ್ತು."

ಇನ್ಸ್‌ಪೆಕ್ಟರು ಎಂಜಿನ್ನು ನಿಲ್ಲಿಸಿ ಸೀಟಿನ ಮೇಲೇ ಕೂತುಬಿಟ್ಟರು. ಹೆಂಡತಿ ಹೊರಗೆ ಬಂದು ಚಕ್ರಕ್ಕೆ ಒರಗಿ ನಿಂತರು.

"ಮಾವನ ಗಾಡಿ ಹೀಗೆ ಸುಂಯ್ ಅಂತಿರಲಿಲ್ಲ ಕಣ್ರೀ. ಟಕಟಕ ಅಂತಿತ್ತು. ನಾನು ಈ ಮನೆಗೆ ಬಂದ ಹೊಸದರಲ್ಲಿ ಯಾರೋ ಬಾಗಿಲು ಬಡೀತಿದ್ದಾರೆ ಅಂತ ದಿನಾ ಹೋಗಿ ತೆಗೀತಿದ್ದೆ."

"ಅದು ರೋಗ ಕಣೇ! ವಾಸಿ ಮಾಡಿದೀನಿ!"

"ವಾಸಿಯಾಗಿದ್ದು ಗಾಡಿ. ಅತ್ತೆಗೆ ಗುರುತಿರೋದು ಆ ರೋಗವೇ."

ಮರುದಿನ ಇನ್ಸ್‌ಪೆಕ್ಟರು ತಲೆ ತಗ್ಗಿಸಿಕೊಂಡು ಮೇಸ್ತ್ರಿಯ ಮುಂದೆ ನಿಂತರು. "ಒಂದು ಉಪಕಾರ ಆಗಬೇಕು. ಗಾಡಿ ಕೆಡಿಸಿಕೊಡಬೇಕು."

ಮೇಸ್ತ್ರಿ ಕೈಯಲ್ಲಿದ್ದ ಸ್ಪ್ಯಾನರನ್ನು ಮೆಲ್ಲಗೆ ಕೆಳಗಿಟ್ಟರು. "ಸಾರ್, ನಲವತ್ತು ವರ್ಷದಿಂದ ಈ ಕೆಲಸ ಮಾಡ್ತಿದೀನಿ. ನಾನು ರಿಪೇರಿ ಮಾಡಿದ್ದು ತಾನಾಗಿ ಕೆಟ್ಟಿರಬಹುದು. ಬೇಕೂಂತ ಕೆಡಿಸಿದ ಮನುಷ್ಯ ಅಲ್ಲ ನಾನು."

"ನಮ್ಮಮ್ಮನಿಗೋಸ್ಕರ."

ಮೇಸ್ತ್ರಿ ಕೆಳಗಿಟ್ಟ ಸ್ಪ್ಯಾನರನ್ನು ಮತ್ತೆ ಕೈಗೆತ್ತಿಕೊಂಡರು. "ಆಯ್ತು. ಆದರೆ ನಿಮ್ಮ ಶೆಡ್ಡಲ್ಲಿ, ಬಾಗಿಲು ಹಾಕ್ಕೊಂಡು. ಒಬ್ಬ ಗಿರಾಕಿಗೆ ಗೊತ್ತಾದರೂ ನಾನು ಊರು ಬಿಡಬೇಕಾಗುತ್ತೆ."

ಸರಿ ಮಾಡುವುದಕ್ಕೆ ಪುಸ್ತಕವಿದೆ. ಕೆಡಿಸುವುದಕ್ಕೆ ಯಾವ ಪುಸ್ತಕವಿದೆ? ಮೊದಲು ಸುಲಭದ ದಾರಿ ಹಿಡಿದು ವಾಲ್ವುಗಳನ್ನು ಒತ್ತುವ ಟ್ಯಾಪೆಟ್ ಸಡಿಲ ಮಾಡಿದರು. ಸದ್ದೇನೋ ಬಂತು. "ಎದುರುಮನೆಯಲ್ಲಿ ಟೈಪಿಂಗ್ ಕಲಿಸೋಕೆ ಶುರು ಮಾಡಿದ್ರಾ?" ಎಂದು ಅಮ್ಮ ಕೇಳಿದರು. ಮಾರನೆಯ ದಿನ ಹೊಸ ಸೈಲೆನ್ಸರಿಗೆ ತೂತು ಹೊಡೆದರು. "ಹಿಟ್ಟಿನ ಗಿರಣಿ ಇಷ್ಟು ಹತ್ತಿರ ಇದ್ದರೆ ನಿದ್ದೆ ಹೇಗಮ್ಮ ಬರುತ್ತೆ?" ಎಂದರು ಅಮ್ಮ. ಎದುರುಮನೆಯವರು ಬಂದು ಅದೇ ಮಾತನ್ನು ಇನ್ನೂ ಬಿಸಿಯಾಗಿ ಹೇಳಿ ಹೋದರು.

"ಇದೆಲ್ಲ ಬರೀ ಡೋಲಿನ ಗದ್ದಲ," ಎಂದರು ಮೇಸ್ತ್ರಿ. "ಆ ಹಳೇ ಪಿನ್ನೂ ಬುಷ್ಷೂ ಇಲ್ಲದೆ ಆ ಟಕಟಕ ಹುಟ್ಟಲ್ಲ."

ಗುಜರಿ ಅಂಗಡಿಯವನು ಇನ್ಸ್‌ಪೆಕ್ಟರನ್ನು ಕಂಡ ಕೂಡಲೇ ಎರಡೂ ಕೈ ಮೇಲೆತ್ತಿದ. ಹನ್ನೆರಡು ವರ್ಷದ ಹಿಂದೆ ಅವನ ತಕ್ಕಡಿಯನ್ನು ಜಪ್ತಿ ಮಾಡಿದವರೇ ಇವರು.

"ಸ್ವಾಮಿ, ಆಮೇಲೆ ಒಂದು ಗ್ರಾಮೂ ಹೆಚ್ಚುಕಮ್ಮಿ ಮಾಡಿಲ್ಲ! ಮಕ್ಕಳಾಣೆ!"

"ನನಗೆ ಕಮ್ಮಿಯಾಗಿರೋದೇ ಬೇಕಪ್ಪ," ಎಂದರು ಇನ್ಸ್‌ಪೆಕ್ಟರು ಬಾಡಿದ ದನಿಯಲ್ಲಿ. "ಒಂದು ಸವೆದ ಪಿನ್ನು."

ಮೂವತ್ತನಾಲ್ಕು ವರ್ಷ ಕೊರತೆಯನ್ನು ಹಿಡಿದು ಶಿಕ್ಷಿಸಿದ ಮನುಷ್ಯ ಕಬ್ಬಿಣದ ಗುಡ್ಡದ ಮೇಲೆ ಎರಡು ದಿನ ಮಂಡಿಯೂರಿ ಕೊರತೆಯನ್ನು ಹುಡುಕಿದರು. ಸಿಕ್ಕಿದ ಪ್ರತಿ ಪಿನ್ನನ್ನೂ ಅಳೆದರು, ನೋಟುಪುಸ್ತಕ ನೋಡಿದರು, ಬದಿಗಿಟ್ಟರು. ಒಂದು ಹೆಚ್ಚು ಸವೆದಿತ್ತು, ಇನ್ನೊಂದು ಸಾಕಷ್ಟು ಸವೆದಿರಲಿಲ್ಲ. ಎರಡನೆಯ ದಿನ ಮಧ್ಯಾಹ್ನ ಒಂದು ತುಕ್ಕುಹಿಡಿದ ಡಬ್ಬಿಯ ತಳದಲ್ಲಿ ಪಿನ್ನೂ ಬುಷ್ಷೂ ಒಟ್ಟಿಗೇ ಸಿಕ್ಕಿದವು. ನೂರನೇ ಭಾಗದವರೆಗೂ ತಾಳೆಯಾಯಿತು. ಇನ್ಸ್‌ಪೆಕ್ಟರು ಅವನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಎದೆಯ ಜೇಬಿನಲ್ಲಿಟ್ಟುಕೊಂಡರು. ಗುಜರಿಯವನು ಏನೂ ಅರ್ಥವಾಗದಿದ್ದರೂ ಟೋಪಿ ತೆಗೆದು ನಿಂತ.

ಮತ್ತೆ ಹೆಡ್ ಬಿಚ್ಚಿದರು. ಮತ್ತೆ ಒಲೆಯ ಮೇಲೆ ಪಿಸ್ಟನ್ನು ಬೆಂದಿತು. ಮೇಸ್ತ್ರಿ ಕೊನೆಯ ಬೋಲ್ಟನ್ನು ಕಣ್ಣು ಮುಚ್ಚಿಕೊಂಡು ಬಿಗಿದರು.

ಆ ಸಂಜೆ ಬೀದಿಯ ತಿರುವಿನಲ್ಲಿ ಟ್ರ್ಯಾಕ್ಟರು ಟಕಟಕ ಎಂದಿತು.

ಕಿಟಕಿಯಲ್ಲಿ ಅಮ್ಮನ ತಲೆ ಎದ್ದಿತು. ಅವರು ಕುರ್ಚಿಯ ಕೈ ಹಿಡಿದು ಎದ್ದರು. ಸೊಸೆ ಚಾಚಿದ ಕೈಯನ್ನು ಸರಿಸಿ ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದರು. ಟ್ರ್ಯಾಕ್ಟರು ಅಂಗಳಕ್ಕೆ ಬಂದು ನಿಂತಿತು, ಎಂಜಿನ್ನು ಓಡುತ್ತಲೇ ಇತ್ತು. ಅಮ್ಮ ಬಾನೆಟ್ಟನ್ನು ನೋಡಿದರು, ಚಕ್ರ ನೋಡಿದರು, ಕೊನೆಗೆ ಸೀಟಿನ ಮೇಲಿದ್ದವರ ಮುಖ ನೋಡಿದರು. ನೋಡುತ್ತಲೇ ನಿಂತರು.

"ಲೋ! ಇಳಿಯೋ ಕೆಳಗೆ!"

ಅರವತ್ತಮೂರು ವರ್ಷದ ಇನ್ಸ್‌ಪೆಕ್ಟರು ದಡಬಡನೆ ಇಳಿದರು.

"ಆ ಸದ್ದು ಕೇಳಿಸ್ತಿಲ್ವೇನೋ ನಿನಗೆ? ಸರಿ ಮಾಡಿಸಿ, ಸರಿ ಮಾಡಿಸಿ ಅಂತ ನಿಮ್ಮಪ್ಪನ ಹತ್ರ ಬಡ್ಕೊಂಡು ಬಡ್ಕೊಂಡು ಸಾಕಾಯ್ತು ನನಗೆ! ಹೋಗಲಿ, ಮಗ ಓದಿದಾನೆ, ಇನ್ಸ್‌ಪೆಕ್ಟರಾಗಿದಾನೆ, ಅವನಾದ್ರೂ ಮಾಡಿಸ್ತಾನೆ ಅಂದ್ಕೊಂಡ್ರೆ, ನೀನೂ ಹಂಗೇ ಓಡಿಸ್ಕೊಂಡು ಬಂದಿದೀಯಲ್ಲೋ! ಊರವರ ತಕ್ಕಡಿ ನೋಡೋಕೆ ಹೋಗ್ತಾನಂತೆ!"

"ಅಮ್ಮಾ, ಅದು ಸರಿಯಾಗೇ ಇತ್ತು, ನಾನೇ ನನ್ನ ಕೈಯಾರೆ..." ಎಂದು ಮೇಸ್ತ್ರಿ ತಮ್ಮ ಮಾನ ಉಳಿಸಿಕೊಳ್ಳಲು ಮುಂದೆ ಬಂದರು. ಇನ್ಸ್‌ಪೆಕ್ಟರ ಹೆಂಡತಿ ಅವರ ತೋಳು ಹಿಡಿದು ಹಿಂದಕ್ಕೆಳೆದರು.

ಇನ್ಸ್‌ಪೆಕ್ಟರು ಗ್ರೀಸಿನ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಬೈಸಿಕೊಂಡ ಮುಖ ಇಷ್ಟು ಅರಳಿದ್ದನ್ನು ಲೋಕ ಕಂಡಿರಲಾರದು.

"ನಾಳೆ ಮಾಡಿಸ್ತೀನಮ್ಮ," ಎಂದರು.

"ನಿಮ್ಮಪ್ಪನೂ ನಲವತ್ತು ವರ್ಷ ಇದನ್ನೇ ಹೇಳಿದ್ದು," ಎಂದು ಅಮ್ಮ ಒಲೆಯ ಮೇಲೆ ನೀರಿಡಲು ಒಳಗೆ ಹೋದರು.