ನೋವಿನ ಸ್ಕೇಲು

ಎಲ್ಲದಕ್ಕೂ ಕಾರಣ ಒಂದು ಸ್ಕೇಲು. ನೋಡಲು ಶಾಲೆಯ ಮಕ್ಕಳು ಗೆರೆ ಎಳೆಯುವಂಥದ್ದೇ, ಆದರೆ ಇದು ನೋವು ಅಳೆಯುವ ಸ್ಕೇಲು. ಸೊನ್ನೆಯಿಂದ ಹತ್ತರವರೆಗೆ ಉಬ್ಬಿದ ಗೆರೆ, ಅಂಕಿ, ಮೇಲೆ ಸಾಲಾಗಿ ಉಬ್ಬು ಮುಖಗಳು. ಸೊನ್ನೆಯ ಮುಖ ಹಲ್ಲು ಕಿರಿಯುತ್ತಿತ್ತು, ಹತ್ತರ ಮುಖ ಗೊಳೋ ಎಂದು ಅಳುತ್ತಿತ್ತು. ವಯಸ್ಸಾದ ಹೆಂಗಸರ ವಾರ್ಡಿಗೆ ಬಂದದ್ದು ಅದೊಂದೇ. ದೊಡ್ಡ ಸಿಸ್ಟರು ಅದನ್ನು ಬೆಳಿಗ್ಗೆ ಬ್ರದರ್ ಕೈಗಿತ್ತರು.

"ಸಂಜೆ ಡಾಕ್ಟ್ರು ರೌಂಡ್ಸಿಗೆ ಬರೋ ಹೊತ್ತಿಗೆ ಎಲ್ಲರ ನೋವೂ ಅಳೆದಿರಬೇಕು. ಇದನ್ನೇನಾದ್ರೂ ಕಳೆದ್ಯೋ, ನಾಳೆಯಿಂದ ಮತ್ತೆ ಸ್ಟೋರ್ ರೂಮು!"

ಬ್ರದರ್ ಎಂದರೆ ಆ ವಾರ್ಡಿನ ಒಬ್ಬನೇ ಗಂಡು ನರ್ಸು. ಕಿಟಕಿಯಿಲ್ಲದ ಸ್ಟೋರ್ ರೂಮಿನಲ್ಲಿ ಹತ್ತಿಯ ಉಂಡೆಗಳ ಜೊತೆ ವರ್ಷಗಟ್ಟಲೆ ಕಳೆದು, ಕೈಕಾಲು ಹಿಡಿದು ಈ ವಾರ್ಡಿಗೆ ಬಂದಿದ್ದ. ಹತ್ತಿ ಮಾತಾಡುವುದಿಲ್ಲ, ಅಜ್ಜಿಯರು ಮಾತು ನಿಲ್ಲಿಸುವುದಿಲ್ಲ. ಅವನಿಗೆ ಬೇಕಾದದ್ದು ಅದೇ. ಅದರ ಮೇಲೆ, ಕಣ್ಣಿಗೆ ಕಾಣದ ನೋವನ್ನು ಬಟ್ಟೆ ಅಳೆದ ಹಾಗೆ ಅಳೆಯಬಹುದು ಎಂದರೆ! ಕುತೂಹಲ ತಡೆಯಲಾರದೆ ತನ್ನ ತೊಡೆಯನ್ನೇ ಚಿವುಟಿಕೊಂಡು ನೋಡಿದ. ಮೂರು ಬಂತು.

ಆಮೇಲೆ ಎಲ್ಲ ಮಂಚಗಳಿಗೂ ಒಗೆದ ಬೆಡ್‌ಶೀಟು ಹಾಸಿ, ಅಜ್ಜಿಯರನ್ನು ಮಲಗಿಸಿ, ಸೊಂಟ ನೆಟ್ಟಗೆ ಮಾಡಿ ಜೇಬು ಮುಟ್ಟಿಕೊಂಡರೆ ಸ್ಕೇಲೇ ಇಲ್ಲ. ಔಷಧಿ ಗಾಡಿಯ ಅಡಿ ಇಣುಕಿದ, ಕಸದ ಬುಟ್ಟಿ ಕೆದಕಿದ, ಎಲ್ಲೂ ಇಲ್ಲ. ಸಿಗುವ ತನಕ ಬಾಯಲ್ಲೇ ಕೇಳಿ ಅಳೆಯುವುದೆಂದು ಧೈರ್ಯ ತಂದುಕೊಂಡು, ಕೆಮ್ಮಿಗೆಂದು ಸೇರಿದ್ದ ಸಣ್ಣಜ್ಜಿಯ ಬಳಿಗೆ ಹೋದ. ಗುಬ್ಬಚ್ಚಿಯಂಥ ಜೀವ ಅದು, ಯಾರ ಮೇಲೂ ದೂರು ಹೇಳಿದ್ದಿಲ್ಲ.

"ಅಜ್ಜೀ, ನೋವಿದೆಯಾ?"

"ಇಲ್ಲಪ್ಪಾ, ನಂಗೆ ಯಾರೂ ನೋವು ಮಾಡಿಲ್ಲ."

"ಮನಸ್ಸಿಗಲ್ಲ ಅಜ್ಜೀ, ಮೈಗೆ."

ಸಣ್ಣಜ್ಜಿ ಸ್ವಲ್ಪ ಹಿಂಜರಿದಳು. "ನೋವು ಅಂತಲ್ಲ. ಸ್ವಲ್ಪ ಚುಚ್ಚುತ್ತೆ."

"ಎಲ್ಲಿ?"

"ಬೆನ್ನ ಹಿಂದೆ."

"ಯಾವಾಗಿಂದ?"

"ಬೆಳಿಗ್ಗೆ ಬಂತು ನೋಡು ಅದು, ಆವಾಗಿಂದ. ಸುಮ್ನೆ ಮಲಗಿದ್ರೂ ಬಿಡಲ್ಲ."

ಪಕ್ಕದ ಮಂಚದ ರೇಡಿಯೋ ಅಜ್ಜಿ ದಿಗ್ಗನೆ ಎದ್ದು ಕೂತಳು. ಆ ಹೆಸರು ಆಕೆಗೆ ಸುಮ್ಮನೆ ಬಂದದ್ದಲ್ಲ. "'ಅದು' ಅಂದ್ರೆ ಇನ್ಯಾವ್ದು? ಸೊಸೆ! ಬೆಳಿಗ್ಗೆ ತಾನೇ ಬಂದು ಹೋದ್ಲು. ನಾನೂ ನನ್ನ ಸೊಸೇನ 'ಅದು' ಅಂತ್ಲೇ ಅನ್ನೋದು. ಬೆನ್ನ ಹಿಂದೆ ಚುಚ್ಚೋದು ಅಂದ್ರೇನು ಅಂತ ನನ್ನ ಕೇಳು!"

ಬ್ರದರ್ ತಲೆ ಕೆರೆದುಕೊಂಡ. "ಇರ್ಲಿ ಅಜ್ಜೀ. ಹತ್ತಕ್ಕೆ ಎಷ್ಟು ಕೊಡ್ತೀರಿ?"

"ಅಯ್ಯೋ, ಪಾಪ, ಫೇಲ್ ಮಾಡೋದು ಬೇಡ. ನಾಲ್ಕು ಹಾಕು," ಎಂದಳು ಸಣ್ಣಜ್ಜಿ.

"ನಂಗೆ ಹನ್ನೊಂದು ಹಾಕು," ಎಂದಳು ರೇಡಿಯೋ ಅಜ್ಜಿ.

ಮಧ್ಯಾಹ್ನ ಸಣ್ಣಜ್ಜಿ ಊಟದ ತಟ್ಟೆಯನ್ನು ಹಾಗೇ ಸರಿಸಿದಳು. ಬ್ರದರಿಗೆ ಸ್ಕೇಲಿನ ಚಿಂತೆ ಒಂದು ಕಡೆ. ಇಷ್ಟು ಸಾಧು ಮುದುಕಿಗೆ ಮಾತಿನಲ್ಲಿ ಚುಚ್ಚುವ ಸೊಸೆ ಎಂಥವಳಿರಬಹುದು ಎಂಬ ಸಿಟ್ಟು ಇನ್ನೊಂದು ಕಡೆ. ಅಷ್ಟರಲ್ಲಿ ರೇಡಿಯೋ ಅಜ್ಜಿಯ ಸುದ್ದಿ ಅಡುಗೆಮನೆ ದಾಟಿ, ಮೆಟ್ಟಿಲಿಳಿದು, ಗೇಟಿನ ವಾಚ್‌ಮನ್ ಕಿವಿಗೂ ಬಿದ್ದಿತ್ತು. ಅಲ್ಲಿಗೆ ತಲುಪುವಾಗ ಅತ್ತೆಗೆ ಸೊಸೆ ಚುಚ್ಚಿದ್ದು ಮಾತಿನಿಂದಲ್ಲ, ಚಾಕುವಿನಿಂದ ಎಂದಾಗಿತ್ತು.

ಹೀಗಾಗಿ ಸಂಜೆ ಸಣ್ಣಜ್ಜಿಯ ಮಗ ಸೊಸೆ ಇಬ್ಬರೂ ಬಂದಾಗ ವಾಚ್‌ಮನ್ ಸೊಸೆಯ ಚೀಲ ತಡಕಾಡಿದ. ಸೇಬು ಹೆಚ್ಚಲು ತಂದಿದ್ದ ಪುಟ್ಟ ಚಾಕು ಸಿಕ್ಕೇಬಿಟ್ಟಿತು!

ಮಗ ಕೆಂಡವಾಗಿ ವಾರ್ಡಿಗೆ ನುಗ್ಗಿದ. "ಯಾವನ್ರೀ ಅವನು, ನನ್ನ ಹೆಂಡ್ತಿ ನಮ್ಮಮ್ಮಂಗೆ ಚುಚ್ತಾಳೆ ಅಂದೋನು?"

ರೇಡಿಯೋ ಅಜ್ಜಿ ಥಟ್ಟನೆ ಬೆರಳು ತೋರಿಸಿದ್ದು ಬ್ರದರ್ ಕಡೆಗೆ.

"ಅತ್ತೇ, ನಾನು ಚುಚ್ಚಿದ್ನಾ?" ಸೊಸೆ ಬಿಕ್ಕಿದಳು. "ನಿಮ್ಮ ತಲೆ ಬಾಚಿ ಹೋದೋಳು ನಾನು!"

"ನೀನ್ಯಾಕೆ ಚುಚ್ತೀಯಮ್ಮಾ? ಅದು ಚುಚ್ಚುತ್ತೆ," ಎಂದಳು ಸಣ್ಣಜ್ಜಿ.

"ಅದು ಅಂದ್ರೆ ಯಾವ್ದಮ್ಮಾ?" ಎಂದು ಮಗ ಕಿರುಚುವುದಕ್ಕೂ ಡಾಕ್ಟರು, ದೊಡ್ಡ ಸಿಸ್ಟರು ಒಳಗೆ ಬರುವುದಕ್ಕೂ ಸರಿಹೋಯಿತು.

ಡಾಕ್ಟರು ಎಲ್ಲರನ್ನೂ ಸುಮ್ಮನಿರಿಸಿ ಸಣ್ಣಜ್ಜಿಯನ್ನು ಮಗ್ಗುಲಾಗಿಸಿ ಬೆನ್ನು ನೋಡಿದರು. ನೋಡಿದವರು ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಬೆನ್ನಿನ ಮೇಲೆ ಗೇಣುದ್ದದ ಕೆಂಪು ಪಟ್ಟೆ, ಅದರಲ್ಲಿ ಒಂದೇ ಸಮ ಅಂತರದಲ್ಲಿ ಪುಟ್ಟ ಪುಟ್ಟ ಗೆರೆಗಳು.

"ಅರೆ! ಇಷ್ಟು ನೇರವಾಗಿ, ಇಷ್ಟು ಅಚ್ಚುಕಟ್ಟಾಗಿ ಏಳೋ ಬಾವು ನಾನು ಯಾವ ಪುಸ್ತಕದಲ್ಲೂ ಓದಿಲ್ಲ. ಸಿಸ್ಟರ್, ಫೋಟೋ ತೆಗೀರಿ! ಹೊಸ ಕಾಯಿಲೆ ಇರಬೇಕು."

ಎಲ್ಲರೂ ಬಗ್ಗಿದರು. ಬ್ರದರ್ ಕೂಡ ಬಗ್ಗಿದ. ಗೆರೆಗಳ ನಡುವೆ ಮಸುಕಾಗಿ ಒಂದು ದುಂಡು ಮುಖ ಹಲ್ಲು ಕಿರಿಯುತ್ತಿತ್ತು. ಅದೇ, ಸ್ಕೇಲಿನ ಸೊನ್ನೆಯ ಮುಖ!

ಫೋಟೋದ ಗಲಾಟೆಯಲ್ಲಿ ಮೆಲ್ಲಗೆ ಬೆಡ್‌ಶೀಟಿನ ಅಡಿ ಕೈ ತೂರಿಸಿದ. ಸ್ಕೇಲು ಸಿಕ್ಕಿತು, ಎರಡು ತುಂಡಾಗಿ. ಚೂಪಾದ ತುಂಡುಗಳೆರಡನ್ನೂ ಪ್ಯಾಂಟಿನ ಹಿಂದಿನ ಜೇಬಿಗೆ ತುರುಕಿ, ಏನೂ ಅರಿಯದವನಂತೆ, "ಡಾಕ್ಟ್ರೇ, ಅಜ್ಜೀನ ಈಗೊಂದು ಸಲ ಮಲಗಿಸಿ ನೋಡೋಣ," ಎಂದ.

ಸಣ್ಣಜ್ಜಿ ಮಲಗಿದಳು. ಮುಖ ಅರಳಿತು. "ಅಬ್ಬಾ, ಹೋಯ್ತು! ಒಂಚೂರು ಊಟ ಇದ್ರೆ ಕೊಡಿ."

ಕಾಯಿಲೆ ಕೈತಪ್ಪಿ ಹೋಯಿತಲ್ಲ ಎಂದು ಡಾಕ್ಟರು ಪೆಚ್ಚಾದರು. ಸೊಸೆ ಕಣ್ಣೊರೆಸಿಕೊಂಡು ಸೇಬು ತೆಗೆದಳು. ಚಾಕು ಗೇಟಿನಲ್ಲೇ ಉಳಿದದ್ದರಿಂದ ಮಗ ಅದನ್ನು ತರಲು ಓಡಿದ. ಸಣ್ಣಜ್ಜಿ ಮಾತ್ರ ಬ್ರದರನ್ನು ಹತ್ತಿರ ಕರೆದು ಪಿಸುಗುಟ್ಟಿದಳು.

"ತೆಗೆದ್ಯಾ? ಒಳ್ಳೇದಾಯ್ತು ಬಿಡು. ಅಷ್ಟು ಚೆಂದ ಹಾಸಿ ಮಲಗಿಸಿದ್ದೆ ನೀನು. ಹಾಸಿಗೆ ಚುಚ್ಚುತ್ತೆ ಅಂದ್ರೆ ನಿನ್ನ ಮನಸ್ಸಿಗೆ ನೋವಾಗುತ್ತೆ ಅಂತ ಬಾಯಿ ಬಿಡ್ಲಿಲ್ಲ."

ಇಡೀ ದಿನ ಆ ಜೀವ ತನ್ನ ನೋವು ನುಂಗಿಕೊಂಡದ್ದು ಇವನ ನೋವನ್ನು ಅಳೆದು! ನಾಚಿಕೆಯೋ ಅಕ್ಕರೆಯೋ ಉಕ್ಕಿ ಬಂದು, ಬ್ರದರ್ ಪಕ್ಕದ ಸ್ಟೂಲಿನ ಮೇಲೆ ಧೊಪ್ಪನೆ ಕೂತ.

"ಅಯ್ಯಯ್ಯಮ್ಮಾ!"

ವಾರ್ಡಿಗೆ ವಾರ್ಡೇ ತಿರುಗಿ ನೋಡಿತು.

"ಏನಾಯ್ತೋ? ನೋವಾ?" ಎಂದರು ದೊಡ್ಡ ಸಿಸ್ಟರು.

"ನೋವು ಅಂತಲ್ಲ ಸಿಸ್ಟರ್..." ಬ್ರದರ್ ಬೆವರಿದ. "ಸ್ವಲ್ಪ ಚುಚ್ಚುತ್ತೆ."

"ಎಲ್ಲಿ?"

"ಹಿಂ... ಹಿಂದೆ."

ರೇಡಿಯೋ ಅಜ್ಜಿ ಚಪ್ಪಾಳೆ ತಟ್ಟಿದಳು. "ನಂಗೆ ಮೊದ್ಲೇ ಗೊತ್ತಿತ್ತು! ಪಾಪದ ಹುಡುಗನಿಗೆ ಬೆನ್ನ ಹಿಂದೆ ಚುಚ್ಚೋ 'ಅದು' ಬೇರೆ ಯಾರೂ ಅಲ್ಲ, ಈ ದೊಡ್ಡ ಸಿಸ್ಟರು!"

ದೊಡ್ಡ ಸಿಸ್ಟರ ಮುಖ ಸೊನ್ನೆಯಿಂದ ಹೊರಟು ಹತ್ತಕ್ಕೆ ಬಂದು ನಿಂತಿತು. ಅವರು ಬ್ರದರ್ ಮುಂದೆ ನಿಧಾನವಾಗಿ ಕೈ ಚಾಚಿದರು.

"ಹೌದೇನೋ? ಹಾಗಾದ್ರೆ ತೆಗಿ ಆ ಸ್ಕೇಲು. ಎಷ್ಟು ಚುಚ್ಚುತ್ತೆ ಅಂತ ಅಳೆದೇ ಬಿಡೋಣ."