ಒಂದು ಗೇಣು ಆಚೆಗೆ

ಅಷ್ಟೂ ತಾಪತ್ರಯಕ್ಕೆ ಮೂಲ ಒಂದು ಬುಟ್ಟಿ ಸುಣ್ಣದ ಪುಡಿ.

ಅರಸೀಕೆರೆ ಸ್ಟೇಷನ್ ಹಿಂದಿನ ಕೊಬ್ಬರಿ ಎಣ್ಣೆ ಮಿಲ್ಲು ಮುಚ್ಚಿ ಹನ್ನೆರಡು ವರ್ಷವಾಗಿತ್ತು. ಕೆಲಸ ಹೋದರೂ ಜನ ಮಿಲ್ಲಿನ ಲೈನ್ ಮನೆಗಳಲ್ಲೇ ಉಳಿದಿದ್ದರು. ಗೋಡೆಗಳಲ್ಲಿ ಎಣ್ಣೆಯ ಕಮಟು ವಾಸನೆಯೂ ಉಳಿದಿತ್ತು. 2003ರಲ್ಲಿ ಪುರಸಭೆಗೆ ಆ ಕೇರಿಯ ಮೇಲೆ ಮನಸ್ಸಾಯಿತು. ಮಿಲ್ಲಿನ ಜಾಗದಲ್ಲಿ ಮಾರ್ಕೆಟ್ಟು, ಪಾರ್ಕು, ವಾಚನಾಲಯ. ಅಲ್ಲಿಗೊಂದು ಮೂವತ್ತಡಿ ರಸ್ತೆ. ನಕ್ಷೆಯ ಕೆಲಸ ಗುಮಾಸ್ತ ರವಿಕುಮಾರನ ತಲೆಗೆ ಬಂತು.

ಅವನೂ ಆ ಲೈನಿನವನೇ. ತಾಯಿ ಮುತ್ತಮ್ಮ ಅದೇ ಮಿಲ್ಲಿನಲ್ಲಿ ಇಪ್ಪತ್ತೈದು ವರ್ಷ ಕಾಯಿ ಒಡೆದು ಅವನನ್ನು ಓದಿಸಿದವಳು. ಎರಡು ಕೋಣೆಯ ಆ ಮನೆ ಬಿಟ್ಟರೆ ಅವಳಿಗೆ ಆಸ್ತಿ ಇಲ್ಲ. ಊರು ಏನಾದರೂ ಆಗಲಿ, ಅಮ್ಮನ ಮನೆ ಉಳಿಯಬೇಕೆಂಬುದು ರವಿಕುಮಾರನ ಆಸೆ.

ಒಂದು ದಿನ ಬೆಳಿಗ್ಗೆ ಆರಕ್ಕೇ ರಸ್ತೆಯ ಗುರುತಿಗೆ ಸುಣ್ಣದಲ್ಲಿ ನೆಟ್ಟಗೆ ಗೆರೆ ಎಳೆದ. ಗೆರೆ ಸೀದಾ ಅಮ್ಮನ ಬಾಗಿಲಿಗೇ ಹೋಯಿತು. ಅತ್ತಿತ್ತ ನೋಡಿ, ಕಾಲಲ್ಲೇ ಅಳಿಸಿ, ಆಚೆಗೆ ಬಗ್ಗಿಸಿದ. ಕಾಫಿ ಕುಡಿದು ಬರುವಷ್ಟರಲ್ಲಿ ಗೆರೆಯೇ ಮಾಯ. ಹೆಂಗಸರು ಎಂದಿನಂತೆ ಅಂಗಳಕ್ಕೆ ಸಗಣಿ ನೀರು ಹಾಕಿ, ಅವನ ಬುಟ್ಟಿಯ ಸುಣ್ಣದಲ್ಲೇ ರಂಗೋಲಿ ಬಿಟ್ಟಿದ್ದರು.

ಮತ್ತೆ ಗೆರೆ ಎಳೆಯುವಾಗ ಕೇರಿಗೆ ಕೇರಿಯೇ ಸುತ್ತ ನಿಂತಿತು. ಸ್ಕೂಲಿನ ನಿವೃತ್ತ ಮೇಡಂ ಶಾಂತಾದೇವಿಯವರು ಮೆತ್ತಗೆ ಹೇಳಿದರು: "ಬೆಳಿಗ್ಗೆ ಕಿಟಕಿಯಿಂದ ನೋಡಿದೆ ಕಣಪ್ಪ. ನಿಮ್ಮ ತಾಯಿ ಮನೆ ಹತ್ರ ಬಗ್ಗೋ ರಸ್ತೆ ನಮ್ಮ ದೇವರಮನೆ ಹತ್ರಾನೂ ಬಗ್ಗುತ್ತೆ, ಅಲ್ವಾ?"

ಬಗ್ಗಿತು.

ಮಿಲ್ಲಿನ ಹಳೇ ಫಿಟ್ಟರ್ ಜವರಪ್ಪ ಅಡ್ಡ ಬಂದ. "ಏನ್ಲಾ, ನನ್ನ ಅಡುಗೆ ಮನೇಲಿ ಬಸ್ಸು ಓಡುಸ್ತೀಯಾ? ರಸ್ತೆ ಬ್ಯಾಡ ಅನ್ನಕಿಲ್ಲ. ಒಂದು ಗೇಣು ಆಚೆಗೆ ತಗೊಂಡೋಗು, ಸಾಕು."

ಎಲ್ಲರದೂ ಒಂದೊಂದು ಗೇಣು. ಮಾರ್ಕೆಟ್ಟು ಎಲ್ಲರಿಗೂ ಬೇಕು, ಪಾರ್ಕೂ ಬೇಕು. ಕೆಡವುವ ಕೆಲಸ ಮಾತ್ರ ಪಕ್ಕದವನ ಗೋಡೆಯಿಂದ ಶುರುವಾಗಬೇಕು. ಅವರನ್ನು ಆಡಿಕೊಳ್ಳಲು ರವಿಕುಮಾರನಿಗೆ ಬಾಯಿರಲಿಲ್ಲ. ಮೊದಲು ಬಗ್ಗಿಸಿದವನು ತಾನೇ.

ಮಧ್ಯಾಹ್ನದ ಹೊತ್ತಿಗೆ ರಸ್ತೆ ಕುಡಿದವನು ಮನೆ ಹುಡುಕಿಕೊಂಡು ಹೋದ ಹಾಗಾಗಿತ್ತು. ಕೊನೆಗೆ ರಸ್ತೆ ಹೋಗಲು ಉಳಿದಿದ್ದು ಚನ್ನಬಸವಯ್ಯನ ಮನೆಯೊಂದೇ. ಅವನು ಹಳೇಬೀಡಿಗೆ ಬೀಗರ ಮನೆಗೆ ಹೋಗಿದ್ದ. ಬಾಗಿಲಿಗೆ ಹಾಕಿದ ಬೀಗ ಗೇಣು ಕೇಳುವುದಿಲ್ಲ. ರವಿಕುಮಾರ ಕಣ್ಣು ಮುಚ್ಚಿಕೊಂಡು ಅದರ ಮೇಲೆ ಗೆರೆ ಎಳೆದ. ಅಮ್ಮನ ಪರವಾಗಿ ಅವನೇ, ಉಳಿದವರೆಲ್ಲ ಖುಷಿಯಿಂದ ತಾವೇ ನಕ್ಷೆಗೆ ಸಹಿ ಹಾಕಿದರು.

"ಒಂದೂ ತಕರಾರಿಲ್ಲದ ನಕ್ಷೆ ನನ್ನ ಸರ್ವೀಸಲ್ಲೇ ನೋಡಿರ್ಲಿಲ್ಲ ಕಣ್ರೀ," ಎಂದು ಪುರಸಭೆಯ ಮುಖ್ಯಾಧಿಕಾರಿಗಳು ಬೆನ್ನು ತಟ್ಟಿ, ಅದನ್ನು ಆಗಲೇ ಮಂಜೂರಾತಿಗೆ ಹಾಸನಕ್ಕೆ ಕಳಿಸಿದರು.

ಸಂಜೆ ಮಿಲ್ಲಿನ ಅಂಗಳದಲ್ಲಿ ಸಭೆ. ಮುಖ್ಯಾಧಿಕಾರಿಗಳು ಒಂದು ಕಾಗದ ಬಿಡಿಸಿದರು. "ಈಗಷ್ಟೇ ಆದೇಶ ಬಂದಿದೆ. ರಸ್ತೆಗೆ ಹೋಗೋ ಮನೆಯವರಿಗೆ ಹೊಸ ಬಡಾವಣೆಯಲ್ಲಿ ಸೈಟು, ಅದರಲ್ಲಿ ಕಟ್ಟಿದ ಮನೆ. ಉಳಿದವರು ಈಗ ಇರೋ ಹಾಗೇ ಇರಬಹುದು."

ಆಗತಾನೇ ಬಸ್ಸಿಳಿದು ಬಂದ ಚನ್ನಬಸವಯ್ಯನಿಗೆ ಹಾರ ಬಿತ್ತು. ಏಕೆಂದು ಅವನಿಗೆ ತಿಳಿಯಲಿಲ್ಲ.

"ಸಾಮಿ, ಆ ರಸ್ತೆ ನೆಟ್ಟಗೆ ಮಾಡಕಾಯ್ತದಾ?" ಎಂದ ಜವರಪ್ಪ.

"ನೀವೇ ಎಲ್ಲ ಸಹಿ ಹಾಕಿದೀರಲ್ರೀ."

ಇಡೀ ಕೇರಿ ರವಿಕುಮಾರನ ಕಡೆ ತಿರುಗಿತು. ಅವನು ಹಿಂದಿನ ಗೇಟಿನಿಂದ ನುಸುಳಿ, ಕತ್ತಲಾದ ಮೇಲೆ ಮನೆ ಸೇರಿದ. ಅಮ್ಮನಾದರೂ ತನ್ನ ಕಡೆ ಇದ್ದಾಳೆಂಬ ಧೈರ್ಯ ಅವನಿಗಿತ್ತು. ಆದರೆ ಶಾಂತಾದೇವಿಯವರು ಬೆಳಗಿನ ಗೆರೆಯ ಸುದ್ದಿ, ಹೊಸ ಮನೆಯ ಸುದ್ದಿ ಎರಡನ್ನೂ ಹೇಳಿ ಹೋಗಿಯಾಗಿತ್ತು. ಮುತ್ತಮ್ಮ ಗೋಡೆಗೆ ಒರಗಿ ಕೂತಿದ್ದಳು.

"ಈ ಕಮಟು ವಾಸ್ನೆ ಬುಟ್ಟು ಒಂದಿನ ಎಲ್ಲಾದ್ರೂ ಮಲಗಾನ ಅಂತ ಎಷ್ಟು ವರ್ಷದಿಂದ ಕಾಯ್ತಿದ್ದೆ ಗೊತ್ತಾ? ನೀನು ಕೇರಿಯೋರ್ನೆಲ್ಲ ಕೇಳ್ದೆ. ನನ್ನೊಬ್ಬಳನ್ನ ಒಂದು ಮಾತು ಕೇಳ್ಲಿಲ್ವಲ್ಲ ಮಗ."