ತಕರಾರಿನಲ್ಲಿರುವ ಕಾದಂಬರಿ

ನಂಬದವರು ಈಗಲೇ ಎದ್ದು ಹೋಗಬಹುದು, ಬಾಗಿಲು ತೆರೆದೇ ಇದೆ. ಕೂತವರು ಮಾತ್ರ ಆಮೇಲೆ ‘ಬುರುಡೆ ಬಿಡಬೇಡ ಗುರು’ ಅನ್ನಕೂಡದು. ಎರಡು ಸಾವಿರದ ಹದಿನಾಲ್ಕನೇ ಇಸವಿ ಜುಲೈ ಏಳನೇ ತಾರೀಕು ಸೋಮವಾರ ಬೆಳಿಗ್ಗೆ ಹತ್ತೂವರೆಗೆ, ಯಲಹಂಕದ ಮಾತೃಶ್ರೀ ಉಚಿತ ವಾಚನಾಲಯದಲ್ಲಿ, ‘ಎಲ್ ಬೋರ್ಡು’ ಎಂಬ ಕಾದಂಬರಿಯ ಮುಖಪುಟದ ಮೇಲೆ ಸಾರ್ವಜನಿಕ ಪ್ರಕಟಣೆಯೊಂದನ್ನು ಅಂಟಿಸಲಾಯಿತು. ಅಂಟಿಸಿದವನು ಮುನೇಶ. ಗೋಂದು ಒಂಚೂರೂ ಅಂಚಿನಿಂದ ಆಚೆಗೆ ಬಂದಿರಲಿಲ್ಲ. ಹಾಗೆ ಅಂಟಿಸುವ ಇನ್ನೊಬ್ಬ ಗಂಡು ಹೆಬ್ಬಾಳದಿಂದ ಈಚೆಗೆ ಹುಟ್ಟಿಲ್ಲ ಎಂದು ಮುನೇಶನೇ ಹೇಳಿದ್ದಾನೆ.

ಮುನೇಶ ಸೋಲದೇವನಹಳ್ಳಿಯ ಪಕ್ಕದ ಹಳ್ಳಿಯವನು. ವಾಚನಾಲಯದಲ್ಲಿ ನಾಲ್ಕು ವರ್ಷದಿಂದ ತಾತ್ಕಾಲಿಕ ಸಹಾಯಕ. ಊರಿನಲ್ಲಿ ಮಾತ್ರ ಎರಡು ವರ್ಷದ ಹಿಂದೆಯೇ ಕಾಯಂ ಆಗಿದ್ದ. ‘ಗ್ರಂಥಾಲಯಾಧಿಕಾರಿ ಮುನೇಶಣ್ಣನವರಿಗೆ ಹಾರ್ದಿಕ ಶುಭಾಶಯಗಳು’ ಎಂದು ಅವನ ಸೋದರಮಾವ ಬಸ್‌ಸ್ಟಾಪಿನಲ್ಲಿ ಫ್ಲೆಕ್ಸ್ ಕಟ್ಟಿಸಿದ್ದ, ಕೂಲಿಂಗ್ ಗ್ಲಾಸ್ ಹಾಕಿದ ಫೋಟೋ ಸಮೇತ. ಫ್ಲೆಕ್ಸಿಗೂ ನಿಜಕ್ಕೂ ನಡುವೆ ಬಾಕಿ ಇದ್ದದ್ದು ಅಧ್ಯಕ್ಷರದೊಂದು ಸಹಿ.

ಅಧ್ಯಕ್ಷರು ಲಕ್ಕಣ್ಣನವರು. ಅವರ ರಾಗಿ ಹೊಲದಲ್ಲಿ ಈಗ ಮೂರು ಅಪಾರ್ಟ್‌ಮೆಂಟು ಬೆಳೆದಿವೆ. ತಾಯಿಯ ಹೆಸರಿನಲ್ಲಿ ತಮ್ಮ ಕಾಂಪ್ಲೆಕ್ಸಿನ ನೆಲಮಾಳಿಗೆಯ ಮೇಲಿನ ಹಾಲನ್ನು ವಾಚನಾಲಯಕ್ಕೆ ಬಿಟ್ಟುಕೊಟ್ಟಿದ್ದರು. ಅವರು ಪುಸ್ತಕ ಓದಿದವರಲ್ಲ, ಪತ್ರ ಓದಿದವರು: ಕ್ರಯಪತ್ರ, ದಾನಪತ್ರ, ವಿಭಾಗಪತ್ರ. ಹಾಗಾಗಿ ವಾಚನಾಲಯವೂ ಅದೇ ಪದ್ಧತಿಯಲ್ಲಿ ನಡೆಯುತ್ತಿತ್ತು. ಪುಸ್ತಕ ಒಯ್ಯುವವರು ಇಬ್ಬರು ಸಾಕ್ಷಿಗಳನ್ನು ಕರೆತರಬೇಕು. ವಾಪಸು ಕೊಡುವಾಗ ‘ನಾನಾಗಲಿ ನನ್ನ ವಾರಸುದಾರರಾಗಲಿ ಸದರಿ ಪುಸ್ತಕದ ಮೇಲೆ ಯಾವುದೇ ಹಕ್ಕು ಸಾಧಿಸುವುದಿಲ್ಲ’ ಎಂದು ಬರೆದುಕೊಡಬೇಕು. ಇದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ.

ಓದಿದವರು ಅಭಿಪ್ರಾಯ ವಹಿಯಲ್ಲಿ ಒಂದು ಸಾಲು ಬರೆಯುವುದೂ ಕಡ್ಡಾಯ. ಜನ ‘ಚೆನ್ನಾಗಿದೆ’ ಎಂದು ಗೀಚಿ ಹೋಗುತ್ತಿದ್ದರು. ಕೆಟ್ಟಿದ್ದು ‘ಎಲ್ ಬೋರ್ಡು’ ಬಂದ ಮೇಲೆ. ಅದರ ಕಥೆ ಇಷ್ಟೇ: ಗಂಗರತ್ನಮ್ಮ ಎಂಬ ನಲವತ್ತೇಳು ವರ್ಷದ ಹೆಂಗಸನ್ನು ಗಂಡ ಗೋಪಿ ಬಿಟ್ಟುಹೋಗುತ್ತಾನೆ. ಅರ್ಧ ಪುಸ್ತಕ ಆಕೆ ಅಳುತ್ತಾಳೆ. ಉಳಿದರ್ಧದಲ್ಲಿ ಡ್ರೈವಿಂಗ್ ಕಲಿತು, ಹಳೇ ವ್ಯಾನೊಂದನ್ನು ತಗೊಂಡು, ಮಕ್ಕಳನ್ನು ಸ್ಕೂಲಿಗೆ ಬಿಟ್ಟು ಬದುಕು ಕಟ್ಟಿಕೊಳ್ಳುತ್ತಾಳೆ.

ವಾಚನಾಲಯದ ಹಳೇ ಓದುಗರು ದ್ರೌಪದಮ್ಮನವರು ಬರೆದರು: ‘ಮೊದಲರ್ಧ ಬಂಗಾರ. ಸೆರಗು ಒದ್ದೆಯಾಯಿತು. ಆಮೇಲೆ ಈ ವಯಸ್ಸಿನಲ್ಲಿ ವ್ಯಾನು ಯಾತಕ್ಕೆ?’ ಅದರ ಕೆಳಗೆ, ಆರ್.ಟಿ. ನಗರದಿಂದ ಸ್ಕೂಟಿಯಲ್ಲಿ ಬರುವ ಟೈಲರ್ ಜಹೀರಾ ಬರೆದರು: ‘ನೂರು ಪುಟ ಬರೀ ಅಳು, ಬರೀ ಈರುಳ್ಳಿ. ವ್ಯಾನು ಬಂದ ಮೇಲೆ ಸೂಪರ್.’ ಇನ್ನೊಬ್ಬರು ‘ಗಂಡನ ಕಡೆಯ ಮಾತನ್ನು ಕೇಳಿಲ್ಲ’ ಎಂದೂ, ಮತ್ತೊಬ್ಬರು ‘ವ್ಯಾನು ಎಷ್ಟು ಮೈಲೇಜ್ ಕೊಡುತ್ತದೆ ಎಂಬುದನ್ನು ಲೇಖಕಿ ಮುಚ್ಚಿಟ್ಟಿದ್ದಾರೆ’ ಎಂದೂ ದಾಖಲಿಸಿದರು.

ಮುನೇಶ ವಹಿಯನ್ನು ಅಧ್ಯಕ್ಷರ ಮುಂದಿಟ್ಟ.

“ಒಬ್ರು ಸರಿ ಅಂತಾರೆ, ಒಬ್ರು ತಪ್ಪು ಅಂತಾರೆ,” ಎಂದರು ಲಕ್ಕಣ್ಣ. “ಇದುಕ್ಕೆ ಏನಂತಾರ್ಲಾ?”

“ಮಿಶ್ರ ಅಭಿಪ್ರಾಯ ಅಂತಾರೆ ಸಾರ್.”

“ತಕರಾರು ಅಂತಾರೆ. ತಕರಾರಿರೋ ಸ್ವತ್ತನ್ನ ಯಾರ್ ಕೈಗೂ ಕೊಡಂಗಿಲ್ಲ. ಮೂವತ್ತು ದಿನ ನೋಟೀಸ್ ಆಕು. ಅಷ್ಟ್ರಾಗೆ ತೀರಿಸ್ದೆ ಅಂದ್ರೆ ನಿನ್ ಕಾಯಂ ಕಾಗ್ದಕ್ಕೆ ಸೈನ್ ಆಕ್ತೀನಿ. ಇಲ್ಲಾಂದ್ರೆ ಬೀಗದ ಕೈ ಮಡಗ್ಬುಟ್ಟು ಓಯ್ತಾ ಇರು.”

“ಮೂವತ್ತು ದಿನ ಯಾಕೆ ಸಾರ್, ನಂಗೆ ಮೂರು ದಿನ ಸಾಕು,” ಎಂದ ಮುನೇಶ.

ಅಂಟಿಸಿದ ಪ್ರಕಟಣೆ ಹೀಗಿತ್ತು: ‘ಸಮಸ್ತ ಓದುಗರಿಗೆ ತಿಳಿಯಪಡಿಸುವುದೇನೆಂದರೆ, ಸದರಿ ಕಾದಂಬರಿಯು ತಕರಾರಿನಲ್ಲಿದೆ. ಇತ್ಯರ್ಥವಾಗುವ ತನಕ ಇದನ್ನು ಓದುವುದು, ಓದಿಸುವುದು, ಇದರ ಕಥೆ ಹೇಳುವುದು ಮತ್ತು ಮನಸ್ಸಿನಲ್ಲಿ ನೆನೆಯುವುದನ್ನು ನಿಷೇಧಿಸಿದೆ. ಆಕ್ಷೇಪಣೆ ಇದ್ದವರು ಮೂವತ್ತು ದಿನದೊಳಗೆ ಸಲ್ಲಿಸತಕ್ಕದ್ದು. ತಪ್ಪಿದಲ್ಲಿ ಅಂಥವರಿಗೆ ಅಭಿಪ್ರಾಯವೇ ಇಲ್ಲವೆಂದು ಭಾವಿಸಲಾಗುವುದು.’

ಮೂರು ದಿನದಲ್ಲಿ ಐವತ್ತೆಂಟು ಆಕ್ಷೇಪಣೆ ಬಂದವು. ಅದರಲ್ಲಿ ಕಾದಂಬರಿ ಓದಿದವರು ಆರು ಜನ. ಮಿಕ್ಕವರು ಮುಂದೆ ಏನಾದರೂ ಹಂಚಿಕೆಯಾದರೆ ತಮ್ಮ ಹೆಸರೂ ಇರಲಿ ಎಂದು ಬರೆಸಿದ್ದರು. ಮುಂದಾಲೋಚನೆ ಇರುವ ಜನ.

ವಿಚಾರಣೆಗೆ ಲೇಖಕಿ ರಾಧಾಮಣಿಯವರನ್ನು ಕರೆಸಲಾಯಿತು. ಮುನೇಶ ಕೈಯಲ್ಲಿ ಪೆನ್ನು ಹಿಡಿದು ಕೂತ.

“ಗಂಗರತ್ನಮ್ಮನ ವಂಶವೃಕ್ಷ ತಂದಿದೀರೇನಮ್ಮ?” ಎಂದರು ಲಕ್ಕಣ್ಣ.

“ಅವಳು ಕಾದಂಬರಿಯಲ್ಲಿ ಮಾತ್ರ ಇರೋಳು ಸ್ವಾಮಿ.”

‘ವಾಸ: ಕಾದಂಬರಿ’ ಎಂದು ಮುನೇಶ ಬರೆದುಕೊಂಡ.

“ಗಂಡನ ಒಪ್ಪಿಗೆ ಪತ್ರ?”

“ಅವನು ನಲವತ್ತೊಂದನೇ ಪುಟದಲ್ಲೇ ಬಿಟ್ಟು ಹೋದನಲ್ಲ.”

“ಬಿಟ್ಟೋದೋನ ಒಪ್ಪಿಗೇನೇ ಮುಖ್ಯ ಕಣಮ್ಮ. ಜೊತೇಲಿರೋನು ಎಲ್ಲೋಯ್ತಾನೆ?”

ಆದ್ದರಿಂದ ‘ಶ್ರೀ ಗೋಪಿ, ಪುಟ ೪೧, ಎಲ್ ಬೋರ್ಡು’ ಎಂಬ ವಿಳಾಸಕ್ಕೆ ರಿಜಿಸ್ಟರ್ ಪೋಸ್ಟ್ ಕಳಿಸಲಾಯಿತು. ಒಂಬತ್ತನೇ ದಿನಕ್ಕೆ ‘ವಿಳಾಸದಾರರು ಇಲ್ಲಿಲ್ಲ’ ಎಂಬ ಷರಾದೊಂದಿಗೆ ಅದು ವಾಪಸಾಯಿತು. ಬಿಟ್ಟುಹೋಗಿರುವುದು ಇದರಿಂದ ರುಜುವಾತಾಯಿತು. ಲೇಖಕಿ ಈ ಒಂದು ವಿಷಯದಲ್ಲಿ ಸತ್ಯ ಬರೆದಿದ್ದಾರೆ ಎಂದು ಅಧ್ಯಕ್ಷರು ಮೆಚ್ಚುಗೆ ಸೂಚಿಸಿದರು.

“ಮೇಡಂ, ಪುಸ್ತಕದ ಬಗ್ಗೆ ನಿಮ್ಮದೇನು ಅಭಿಪ್ರಾಯ?” ಎಂದು ಮುನೇಶ ಕೇಳಿದ.

“ಒಂದೊಂದು ದಿನ ಚೆನ್ನಾಗಿದೆ ಅನ್ಸುತ್ತಪ್ಪ. ಒಂದೊಂದು ದಿನ ಇಲ್ಲ.”

“ಓ, ಬರ್ದೋರ್ದೂ ತಕರಾರೇ!” ಎಂದು ಲಕ್ಕಣ್ಣ ಆ ದಿನದ ಕಲಾಪ ಮುಗಿಸಿದರು.

ಇಪ್ಪತ್ತೆಂಟು ದಿನ ಕಳೆದವು. ಬೀಗದ ಕೈ ಮುನೇಶನ ಜೇಬಿನಲ್ಲಿ ದಿನದಿನಕ್ಕೂ ಭಾರವಾಗುತ್ತಿತ್ತು. ಕೊನೆಗೆ ದ್ರೌಪದಮ್ಮನವರನ್ನೂ ಜಹೀರಾ ಅವರನ್ನೂ ಎದುರುಬದುರು ಕೂರಿಸಿದ.

“ಅಮ್ಮ, ವ್ಯಾನು ಪರವಾಗಿಲ್ಲ ಅಂತ ಒಂದು ಸಾಲು ಬರ್ದ್ಬಿಡಿ. ನನ್ ಕೆಲಸ ಉಳಿಯುತ್ತೆ.”

“ನಿನ್ ಕೆಲಸಕ್ಕೆ ನಾನ್ಯಾಕಪ್ಪ ಸುಳ್ಳು ಬರೀಲಿ? ಚೆನ್ನಾಗಿ ಅಳ್ತಾ ಇದ್ದೋಳನ್ನ ಎಬ್ಬಿಸ್ಬಿಟ್ರಲ್ಲ!”

“ಅಯ್ಯೋ ದ್ರೌಪದಮ್ಮೋರೇ, ಇನ್ನೆಷ್ಟು ಅಳ್ಬೇಕ್ರೀ ಅವಳು?” ಎಂದರು ಜಹೀರಾ. “ಸ್ಟವ್ ಹಚ್ಚಿದ್ರೆ ಅಳ್ತಾಳೆ, ಆರಿಸಿದ್ರೆ ಅಳ್ತಾಳೆ. ಗ್ಯಾಸ್ ಸಿಲಿಂಡರಿಗೇ ಬೇಜಾರಾಗಿರುತ್ತೆ.”

“ನಿಂಗೇನ್ ಗೊತ್ತಮ್ಮ, ಸ್ಕೂಟಿ ಮೇಲೆ ಓಡಾಡೋಳು.”

“ಅದಕ್ಕೇ ಗೊತ್ತು.”

ಮುನೇಶನಿಗೆ ರೇಗಿತು. ಅಧ್ಯಕ್ಷರ ಮುಂದೆ ಹೋಗಿ ಎದೆ ಸೆಟೆದು ನಿಂತ. “ಸಾರ್, ನಮ್ಮೂರಲ್ಲಿ ಅಣ್ಣತಮ್ಮಂದಿರಿಗೆ ಆಗಲ್ಲ ಅಂದ್ರೆ ಕೋರ್ಟಿಗೆ ಹೋಗಲ್ಲ. ಪಾಲು ಮಾಡಿ ಬಿಸಾಕ್ತೀವಿ. ಇಂಥಾ ಎಷ್ಟೋ ಪಂಚಾಯ್ತಿ ನಾನೇ ನಿಂತು ಮಾಡ್ಸಿದೀನಿ.”

ಒಂದನ್ನೂ ಮಾಡಿಸಿರಲಿಲ್ಲ. ಆದರೆ ಲಕ್ಕಣ್ಣನವರ ಕಣ್ಣು ಮಿನುಗಿತು. ವಾಚನಾಲಯದ ವಿಷಯಕ್ಕೆ ಆ ಕಣ್ಣು ಮಿನುಗಿದ್ದು ಅದೇ ಮೊದಲು.

ಮೂವತ್ತನೇ ದಿನ ವಿಭಾಗ ನಡೆಯಿತು. ನಿವೃತ್ತ ಸರ್ವೆಯರ್ ವೀರಬಸಪ್ಪನವರು ಟೇಪು, ಬ್ಲೇಡು ಹಿಡಿದು ಬಂದರು. ಕಾದಂಬರಿಯನ್ನು ಮೇಜಿನ ಮೇಲೆ ಉತ್ತರ ದಿಕ್ಕಿಗೆ ಮಲಗಿಸಿ, ಅಳತೆ ಮಾಡಿ, ಇನ್ನೂರ ಇಪ್ಪತ್ತಾರು ಪುಟ, ಅಂದರೆ ನೂರ ಹದಿಮೂರು ಹಾಳೆ ಎಂದು ಘೋಷಿಸಿದರು. ಐವತ್ತಾರು ಹಾಳೆ ‘ಎ’ ಷೆಡ್ಯೂಲ್, ಅಳುವಿನ ಭಾಗ, ದ್ರೌಪದಮ್ಮನವರಿಗೆ. ಐವತ್ತಾರು ಹಾಳೆ ‘ಬಿ’ ಷೆಡ್ಯೂಲ್, ವ್ಯಾನಿನ ಭಾಗ, ಜಹೀರಾ ಅವರಿಗೆ. ನಡುವೆ ಒಂದು ಹಾಳೆ ಉಳಿಯಿತು, ಪುಟ ೧೧೩ ಮತ್ತು ೧೧೪.

“ಇದ್ರಾಗೇನೈತೆ, ಓದ್ಲಾ,” ಎಂದರು ಲಕ್ಕಣ್ಣ.

ಮುನೇಶ ಓದಿದ. ನಿಜ ಹೇಳಬೇಕೆಂದರೆ ಆ ಪುಸ್ತಕದಲ್ಲಿ ಅವನು ಓದಿದ ಮೊದಲ ಪುಟ ಅದೇ. ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ಗಂಗರತ್ನಮ್ಮ ಡ್ರೈವಿಂಗ್ ಕಲಿಯುತ್ತಿರುವ ವ್ಯಾನು ಆಫ್ ಆಗುತ್ತದೆ. ಹಿಂದೆ ಲಾರಿಗಳು ಹಾರ್ನ್ ಹೊಡೆಯುತ್ತವೆ. ಯಾರೋ ‘ಮನೇಲಿ ಕೂತ್ಕೊಳ್ಳಮ್ಮ’ ಎಂದು ಕಿರುಚುತ್ತಾನೆ. ಆಕೆ ಅಳುವುದಿಲ್ಲ. ಕೀ ತಿರುಗಿಸುತ್ತಾಳೆ, ಹತ್ತುವುದಿಲ್ಲ. ಸೀರೆಯ ತುದಿಯಲ್ಲಿ ಕೈಯ ಬೆವರು ಒರೆಸಿಕೊಂಡು ಇನ್ನೊಮ್ಮೆ ತಿರುಗಿಸುತ್ತಾಳೆ.



“ಇದ್ರಲ್ಲಿ ಅಳೂನೇ ಇಲ್ಲ. ನಂದಲ್ಲ,” ಎಂದರು ದ್ರೌಪದಮ್ಮ.

“ಗಾಡಿ ನಿಂತೋಗಿದೆ. ನಂಗೂ ಬೇಡ,” ಎಂದರು ಜಹೀರಾ.

“ಯಾರ ಪಾಲಿಗೂ ಸೇರ್ದಿರೋ ತುಂಡು. ಖರಾಬು ಅಂತ ಬರ್ಕಳಿ,” ಎಂದು ಲಕ್ಕಣ್ಣ ತೀರ್ಪು ಕೊಟ್ಟರು. ರಾಧಾಮಣಿಯವರು ಸಾಕ್ಷಿಯಾಗಿ ಸಹಿ ಹಾಕಿದರು. ತಮ್ಮ ಪುಸ್ತಕವನ್ನು ಇಷ್ಟು ಆಸಕ್ತಿಯಿಂದ ಯಾರೂ ಬಿಚ್ಚಿ ನೋಡಿರಲಿಲ್ಲ ಎಂದರು.

ಸುದ್ದಿ ಹಬ್ಬಿತು. ಆಕ್ಷೇಪಣೆ ಬರೆಸಿದ ಐವತ್ತೆರಡು ಜನ ಓದುಗರಲ್ಲದವರು ಸಾಲುಗಟ್ಟಿ ನಿಂತು ಉಳಿದ ಪುಸ್ತಕಗಳಲ್ಲಿ ತಮ್ಮ ಪಾಲು ಕೇಳಿದರು. ನ್ಯಾಯವೇ. ವೀರಬಸಪ್ಪನವರ ಬ್ಲೇಡು ನಾಲ್ಕು ದಿನ ನಿಲ್ಲಲಿಲ್ಲ. ಅಡುಗೆ ಪುಸ್ತಕದ ಒಗ್ಗರಣೆ ಒಬ್ಬರಿಗೆ, ಸಾರು ಒಬ್ಬರಿಗೆ. ನಿಘಂಟಿನ ಸ್ವರಗಳು ಒಂದು ಮನೆಯ ಹಿರಿಯ ಮಗನಿಗೆ, ವ್ಯಂಜನಗಳು ಕಿರಿಯನಿಗೆ. ಪತ್ತೇದಾರಿ ಕಾದಂಬರಿಯ ಕೊಲೆ ಸಿಕ್ಕವರು ಕೊಲೆಗಾರ ಸಿಕ್ಕವರ ಮನೆಗೆ ಈಗಲೂ ಹೋಗಿ ಬರುತ್ತಾರೆ, ಬೀಗರ ಹಾಗೆ. ಶನಿವಾರದ ಹೊತ್ತಿಗೆ ಬೀರುಗಳು ಖಾಲಿಯಾದವು. ಪ್ರತಿಯೊಂದು ಪುಸ್ತಕವೂ ಜನರನ್ನು ತಲುಪಿದ ನಾಡಿನ ಏಕೈಕ ವಾಚನಾಲಯ ಎಂದು ಲಕ್ಕಣ್ಣನವರು ಭಾಷಣ ಮಾಡಿ, ಭಾನುವಾರ ಹಾಲನ್ನು ಚಿನ್ನದ ಸಾಲ ಕೊಡುವವರಿಗೆ ಬಾಡಿಗೆಗೆ ಕೊಟ್ಟರು. ಓದುಗರು ಚಪ್ಪಾಳೆ ತಟ್ಟಿದರು. ಎಲ್ಲರ ಕಂಕುಳಲ್ಲೂ ಒಂದೊಂದು ಷೆಡ್ಯೂಲ್ ಇತ್ತು.

ಸೋಮವಾರ ಮುನೇಶ ಕಾಯಂ ಆದೇಶವನ್ನು ತಾನೇ ಟೈಪ್ ಮಾಡಿಸಿಕೊಂಡು ಹೋದ.

“ತಕರಾರು ತೀರಿಸಿದೀನಿ ಸಾರ್. ಮಾತು ಕೊಟ್ಟಿದ್ರಿ.”

“ಕೊಟ್ಟಿದ್ದೆ ಕಣಪ್ಪ, ಈಗ್ಲೂ ತಪ್ಪಕಿಲ್ಲ,” ಎಂದು ಲಕ್ಕಣ್ಣ ಪೆನ್ನಿನ ಮುಚ್ಚಳ ತೆಗೆದರು. “ಯಾವ ಕೆಲ್ಸಕ್ಕೆ ಅಂತ ಬರೀಲಿ, ಹೇಳು.”

ಮುನೇಶ ಗೋಡೆ ನೋಡಿದ. ಪೇಂಟ್ ಹೊಡೆಯುತ್ತಿದ್ದರು. ಲಕ್ಕಣ್ಣನವರು ಅಷ್ಟು ದೊಡ್ಡ ಮನುಷ್ಯರಾದರೂ ಯಾರನ್ನೂ ಬರಿಗೈಯಲ್ಲಿ ಕಳಿಸಿದವರಲ್ಲ. ಡ್ರಾಯರ್ ಎಳೆದು, ಸಂಸ್ಥೆಯ ಹೆಸರಿನಲ್ಲಿ ಉಳಿದಿದ್ದ ಏಕೈಕ ಸ್ವತ್ತನ್ನು ಹೊರತೆಗೆದು, ಮುನೇಶನ ಹೆಸರಿಗೆ ಬರೆದು, ಸೀಲು ಒತ್ತಿದರು.

ಅವನಿಗೆ ಕೊಟ್ಟಿದ್ದು ಒಂದು ಹಾಳೆ. ಪುಟ ೧೧೩ ಮತ್ತು ೧೧೪.